ಶಾಂತಾಳ ಬೆಳ್ಳಿ ಹಲ್ಲು

ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ ಇದ್ದದ್ದು ಒಂದೇ. ಅದು ನನ್ನ ತಂಗಿ ಶಾಂತಾಳದು. ಶಿರಹಟ್ಟಿಯಲ್ಲಿ ಮಾಮಲೇದಾರ ಕಚೇರಿಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮುಂದೆ ಪಡಸಾಲೆ, ಅಲ್ಲಿ ಅಪ್ಪನ ಗಿಡ್ಡ ಮೇಜು, ಅದರ ಹಿಂದೆ ಜೋಳದ ಚೀಲ ಒಟ್ಟಿದ್ದ ಕತ್ತಲೆಯ ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲಲ್ಲಿ ಬೇವಿನ ಮರದ ಬುಡಕ್ಕೆ ಬಚ್ಚಲು. ಬಚ್ಚಲ ಗೋಡೆಗೆ ಅಪ್ಪ ಒಂದು ಮೊಳೆ ಹೊಡೆದು, ಬ್ರಷ್ಷಿಗೆ ದಾರ ಕಟ್ಟಿ, ಇಲಿಗೆ ಸಿಗದಷ್ಟು ಎತ್ತರದಲ್ಲಿ ತೂಗುಹಾಕಿದ್ದ. ನಾವು ಉಳಿದವರು ಬೇವಿನ ಕಡ್ಡಿ ಜಗಿಯುತ್ತಿದ್ದೆವು, ಇಲ್ಲವೆ ಇದ್ದಿಲು ಅರೆದ ಪುಡಿ ಹಚ್ಚಿ ಬೆರಳಿನಿಂದ ತಿಕ್ಕುತ್ತಿದ್ದೆವು. ಅಪ್ಪನ ತಾಯಿ, ನಮ್ಮ ಆಯಿಗೆ, ತಿಕ್ಕಲು ಹಲ್ಲೇ ಇರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲ ಕಲ್ಲಿನ ಒಂದು ತುದಿಗೆ ನಾನು ಕುಳಿತು ಕಪ್ಪು ಉಗುಳುತ್ತಿದ್ದೆ, ಇನ್ನೊಂದು ತುದಿಗೆ ಶಾಂತಾ ಬಿಳಿ ನೊರೆ ಉಗುಳುತ್ತಿದ್ದಳು. ಎರಡೂ ಒಂದೇ ಮೋರಿಯಲ್ಲಿ ಹರಿದು ಹೋಗುತ್ತಿದ್ದವು. ಆ ಬಿಳಿ ನೊರೆಯನ್ನು ನೋಡಿ ನನಗೆ ಏನನ್ನಿಸುತ್ತಿತ್ತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನಗೀಗ ಎಂಬತ್ತು ದಾಟಿದೆ, ಇನ್ನು ಹೇಳಿದರೆ ತಪ್ಪಿಲ್ಲ.

ಬ್ರಷ್ ಸುಮ್ಮನೆ ಬಂದದ್ದಲ್ಲ. ಶಾಂತಾಳಿಗೆ ಆರು ವರ್ಷ, ನನಗೆ ಒಂಬತ್ತು ಇದ್ದಾಗ ಅವಳ ಕೆಳದವಡೆಯ ಒಂದು ಹಲ್ಲು ನೋಯತೊಡಗಿತು. ಆಯಿ ಲವಂಗ ಇಟ್ಟಳು, ಅರಿಸಿನ ಕಾಸಿ ಹಚ್ಚಿದಳು, ಬಿಸಿ ಬೂದಿಯ ಗಂಟು ಕಟ್ಟಿ ಕಾವು ಕೊಟ್ಟಳು. ನಾಲ್ಕನೆಯ ದಿನ ಶಾಂತಾಳ ಗಲ್ಲ ಬಾತು ಕಣ್ಣು ಮುಚ್ಚಿಹೋಯಿತು, ಬಾಯಿ ತೆರೆಯಲು ಬರದಾಯಿತು, ಮೈ ಬೆಂಕಿಯಾಯಿತು. ಅಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಗದಗಿನ ಬಸ್ಸಿಗೆ ಓಡಿದ. ಮೂರು ದಿನ ಅವರು ಬರಲಿಲ್ಲ. ಅವ್ವ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ಕೊಟ್ಟ ರೊಟ್ಟಿ ತಿಂದೆವು. ನಾನೂ ಅತ್ತೆ, ಖರೆಯಾಗಿಯೇ ಅತ್ತೆ. ನಾಲ್ಕನೆಯ ದಿನ ಶಾಂತಾ ಅಪ್ಪನ ಹೆಗಲ ಮೇಲೆ ಕುಳಿತು ಬಂದಳು. ಕೀವು ತೆಗೆದು, ಹಲ್ಲು ಕಿತ್ತು, ಪಕ್ಕದ ಇನ್ನೊಂದು ಹಲ್ಲಿನ ತೂತಿಗೆ ಬೆಳ್ಳಿಯಂಥದ್ದು ತುಂಬಿದ್ದರು. ಅವಳ ಕೈಯಲ್ಲಿ ಕೆಂಪು ಹಿಡಿಕೆಯ ಬ್ರಷ್ ಇತ್ತು. ನನ್ನ ಅಳು ಅಲ್ಲಿಗೆ ನಿಂತಿತು.

ಗದಗಿನ ಸ್ಟೇಷನ್ ರಸ್ತೆಯಲ್ಲಿದ್ದ ಆ ಹಲ್ಲಿನ ಡಾಕ್ಟರು ಮುಂಬಯಿಯಲ್ಲಿ ಕಲಿತು ಬಂದ ವಯಸ್ಸಾದ ಮನುಷ್ಯ. ಅವರು ಅಪ್ಪನಿಗೆ ಒಂದು ಚೀಟಿ ಬರೆದುಕೊಟ್ಟಿದ್ದರು: ನೋವಿರಲಿ ಇಲ್ಲದಿರಲಿ, ಆರು ತಿಂಗಳಿಗೊಮ್ಮೆ ಹುಡುಗಿಯನ್ನು ತಂದು ತೋರಿಸಬೇಕು. ಅಪ್ಪ ಕಚೇರಿಯಲ್ಲಿ ಕಾರಕೂನ. ಸಂಸ್ಥಾನದ ಕಾಲದಲ್ಲಿ ಮರಾಠಿಯಲ್ಲಿ ಬರೆದವನು, ಸಂಸ್ಥಾನ ಮುಳುಗಿ ಮುಂಬಯಿ ಸರಕಾರ ಬಂದಮೇಲೂ ಅದೇ ಮೇಜಿನ ಮುಂದೆ ಅದೇ ಕರಿ ಟೊಪ್ಪಿಗೆ ಹಾಕಿಕೊಂಡು ಕುಳಿತವನು. ತಿಳಿದವರು ಬರೆದುಕೊಟ್ಟ ಕಾಗದ ಅವನಿಗೆ ಹುಕುಮಿನ ಹಾಗೆ. ಯುಗಾದಿಗೆ ಮುಂಚೆ ಒಮ್ಮೆ, ದಸರೆ ಮುಗಿದ ಮೇಲೆ ಒಮ್ಮೆ ಎಂದು ಅವನು ಪಂಚಾಂಗದಲ್ಲಿ ಗುರುತು ಹಾಕಿಕೊಂಡ. ಆಯಿಗೆ ಇದು ತಿಳಿಯಲೇ ಇಲ್ಲ.

"ಏನೂ ನೋವಿಲ್ಲದ ಕೂಸಿನ್ನ ಡಾಕ್ಟರ್ ಕಡೆ ಯಾಕ ಒಯ್ಯತಿ? ನಿನಗೇನು ಹುಚ್ಚು ಹಿಡದೈತೇನು?"

"ನೋವು ಬಂದಮ್ಯಾಲೆ ಹೋದ್ರ ಏನಾಕ್ಕೈತಿ ಅಂತ ನೋಡಿಲ್ಲೇನು ಯವ್ವಾ? ಆ ಮೂರು ದಿನ ನಾ ಮರ್ತಿಲ್ಲ."

ಹೀಗೆ ವರ್ಷಕ್ಕೆ ಎರಡು ಸಲ ಶಾಂತಾಳಿಗೆ ಗದಗ. ಇಸ್ತ್ರಿ ಮಾಡಿದ ಪರಕಾರ ಉಟ್ಟು, ಎರಡು ಜಡೆ ಹಾಕಿಸಿಕೊಂಡು, ಅಪ್ಪನ ಕಿರುಬೆರಳು ಹಿಡಿದು ಅವಳು ಓಣಿ ದಾಟುವುದನ್ನು ನಾನು ಬಾಗಿಲ ತೋಳಿಗೆ ಆತು ನೋಡುತ್ತಿದ್ದೆ. ನಮ್ಮ ಅಪ್ಪನದು ಮನೆಯಲ್ಲಿ ಮಾತು ಕಡಿಮೆ. ಕಚೇರಿಯಿಂದ ಬಂದರೆ ಮೇಜಿನ ಮುಂದೆ ಮತ್ತೆ ಕಾಗದ ಹರಡುತ್ತಿದ್ದ. ಊಟಕ್ಕೆ ಕುಳಿತಾಗ ನಾವು ಮಾತಾಡಿದರೆ ಅವ್ವ ಕಣ್ಣು ಬಿಡುತ್ತಿದ್ದಳು. ಆ ಅಪ್ಪ ಒಂದು ಇಡೀ ದಿನ ಶಾಂತಾಳ ಒಬ್ಬಳ ಅಪ್ಪನಾಗಿರುತ್ತಿದ್ದ. ಸಂಜೆ ಬಂದು ಅವಳು ಎಲ್ಲ ಹೇಳುತ್ತಿದ್ದಳು: ಏರಿಸಿ ಇಳಿಸುವ ಕುರ್ಚಿ, ಬಾಯಿಯೊಳಗೆ ಹಿಡಿಯುವ ಪುಟ್ಟ ಕನ್ನಡಿ, ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿದು ತಿರುಗಿಸುವ ಸೂಜಿ. ಆಮೇಲೆ ಹೋಟೆಲಿನಲ್ಲಿ ಬಿಸಿ ಇಡ್ಲಿ. ಆಮೇಲೆ ಸ್ಟೇಷನ್ನಿಗೆ ಹೋಗಿ ಹುಬ್ಬಳ್ಳಿಯ ಗಾಡಿ ನೋಡುವುದು. ನಾನು ಇಡ್ಲಿಯನ್ನೂ ಕಂಡಿರಲಿಲ್ಲ, ರೈಲನ್ನೂ ಕಂಡಿರಲಿಲ್ಲ. "ಅಪ್ಪ ರೈಲಿನ ಗಾಲಿ ಎಣಿಸಿ ತೋರಿಸಿದ ಅಕ್ಕಾ," ಎಂದು ಅವಳು ಹೇಳಿದ ದಿನ ನಾನು ಅವಳ ಎದುರಿನಿಂದ ಎದ್ದು ಹಿತ್ತಲಿಗೆ ಹೋದೆ. ಅಪ್ಪನಿಗೆ ಎಣಿಸಿ ತೋರಿಸಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಓಣಿಯ ಹುಡುಗಿಯರು ಬಂದು, "ಬೆಳ್ಳಿ ಹಲ್ಲು ತೋರಸ" ಎಂದು ಕೇಳುತ್ತಿದ್ದರು. ಶಾಂತಾ ಬಿಸಿಲಿಗೆ ಮುಖ ಮಾಡಿ ಬಾಯಿ ತೆರೆಯುತ್ತಿದ್ದಳು. ನನ್ನ ಬಾಯಿಯನ್ನು ಯಾರೂ ನೋಡುತ್ತಿರಲಿಲ್ಲ. ನಾನೂ ಒಮ್ಮೆ ಅವ್ವನ ಬೆನ್ನು ಹತ್ತಿದೆ.

"ನನ್ನೂ ಗದಗಿಗೆ ಕಳಸವ್ವ. ನನ್ನ ಹಲ್ಲೂ ತೋರಸಬೇಕು."

"ನಿನ್ನ ಹಲ್ಲಿಗೆ ಏನಾಗೇತಿ? ಮುತ್ತು ಪೋಣಿಸಿದಂಗ ಅದಾವ. ದೃಷ್ಟಿ ಆಗತೈತಿ, ಸುಮ್ನಿರು."

ಆಯಿಯೂ ಅದನ್ನೇ ಹೇಳಿದಳು. ಮನೆಗೆ ಬಂದವರಿಗೆಲ್ಲ ಹೇಳಿದಳು: ದೊಡ್ಡಾಕಿದು ಗಟ್ಟಿ ಹಲ್ಲು, ನಮ್ಮ ಮನೆತನದ್ದು. ನನಗೆ ಸಿಕ್ಕ ಹೊಗಳಿಕೆ ಅದೊಂದೇ ಆದ್ದರಿಂದ ಅದನ್ನೇ ಹಿಡಿದುಕೊಂಡೆ. ಶಾಂತಾಳಿಗೆ ಅವ್ವ ಮೆತ್ತನ್ನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ, ನಾನು ಅವಳ ಎದುರಿಗೇ ಕುಳಿತು ಕಟಕ ರೊಟ್ಟಿಯನ್ನು ಸಪ್ಪಳ ಮಾಡಿ ಕಡಿಯುತ್ತಿದ್ದೆ. ಕಬ್ಬನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದೆ. ನೋಡು, ನನ್ನ ಹಲ್ಲು ನೋಡು ಎಂದು ಯಾರಿಗೆ ಹೇಳುತ್ತಿದ್ದೆನೋ. ಅಪ್ಪ ತಲೆ ಎತ್ತಿ ನೋಡುತ್ತಿರಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಡಾಕ್ಟರು ಶಾಂತಾಳಿಗೆ ಸಿಹಿ ತಿನ್ನಬಾರದು ಎಂದು ಹೇಳಿದ್ದರು. ನಮ್ಮ ಮನೆಯಲ್ಲಿ ಮಧ್ಯಾಹ್ನ ಶಾಲೆಯಿಂದ ಬಂದ ಮೇಲೆ ಮಕ್ಕಳಿಗೆ ಹುರಿದ ಶೇಂಗಾ, ಒಂದು ಹೆಂಟೆ ಬೆಲ್ಲ. ಶಾಂತಾಳಿಗೆ ಶೇಂಗಾ ಮಾತ್ರ. ನಾನು ನನ್ನ ಬೆಲ್ಲವನ್ನು ಉಳಿಸಿಕೊಂಡು, ಅವಳನ್ನು ನಡುಮನೆಯ ಜೋಳದ ಚೀಲಗಳ ಹಿಂದೆ ಕರೆದುಕೊಂಡು ಹೋಗಿ ಕೊಡತೊಡಗಿದೆ. ಅವಳ ಹಲ್ಲು ಮತ್ತೆ ಹುಳ ಹಿಡಿಯಲಿ, ಡಾಕ್ಟರು ಬೈಯಲಿ, ಅಪ್ಪನಿಗೆ ಬೇಜಾರಾಗಿ ಇನ್ನು ನಿನ್ನನ್ನು ಕರೆದೊಯ್ಯುವುದಿಲ್ಲ ಎನ್ನಲಿ. ಇದು ನನ್ನ ಲೆಕ್ಕ. ಕಂಬಳಿಯಲ್ಲಿ ಸುತ್ತಿ ಒಯ್ದದ್ದನ್ನು ಕಣ್ಣಾರೆ ಕಂಡವಳು ನಾನು. ಹಾಗಿದ್ದೂ ಕೊಟ್ಟೆ. ಒಂದೆರಡು ದಿನವಲ್ಲ, ಒಂದು ಬೇಸಿಗೆಯಿಂದ ದಸರೆಯವರೆಗೆ. ಚೀಲಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಅವಳು ತಿನ್ನುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತ, ಶಾಲೆಯ ಸುದ್ದಿ ಏನೇನೋ ಹೇಳುತ್ತ, ಮುಗಿಯುವವರೆಗೆ ಕಾವಲಿರುತ್ತಿದ್ದೆ. ಅವ್ವ ಒಮ್ಮೆ ನೋಡಿಯೂ ನೋಡದ ಹಾಗೆ ಹೋದಳು. ತನ್ನ ಪಾಲನ್ನು ತಂಗಿಗೆ ಕೊಡುವ ಮಗಳನ್ನು ಯಾವ ತಾಯಿ ಬೈದಾಳು?

ಅದು ಕರ್ನಾಟಕ ಒಂದಾದ ವರ್ಷ. ಹೊಸ ರಾಜ್ಯ ಬರುವ ದಿನ ಶಾಲೆಯ ಮಕ್ಕಳ ಮೆರವಣಿಗೆ ಎಂದು ತಿಂಗಳ ಮೊದಲೇ ಗೊತ್ತಾಗಿತ್ತು. ನಮ್ಮ ಹಾಡಿನ ಬಾಯಿಯವರು, ಅಂದರೆ ಹಾಡು ಕಲಿಸುವ ಶಿಕ್ಷಕಿ, ಸಾಲಿನ ಮುಂದೆ ನಿಂತು ಹಾಡು ಎತ್ತಿಕೊಡಲು ನನ್ನನ್ನು ಆರಿಸಿದ್ದರು. "ನೀಲಾ, ನೀ ನಕ್ಕೋತ ಹಾಡಬೇಕು. ನಿನ್ನ ಹಲ್ಲು ಛಂದ ಅದಾವ," ಎಂದಿದ್ದರು. ಮನೆಯಲ್ಲಿ ನಾನು ಬೆಳಿಗ್ಗೆ ಸಂಜೆ ಅದನ್ನೇ ಹಾಡಿದೆ. ಅಪ್ಪನ ಕಚೇರಿಯಲ್ಲೂ ಅದೇ ಗದ್ದಲ. ಇನ್ನು ಎಲ್ಲ ಕಾಗದ ಕನ್ನಡದಲ್ಲೇ ಎಂದು ಅವನು ಮೇಜಿನ ಮುಂದೆ ಕುಳಿತು ಕನ್ನಡ ಅಕ್ಷರ ದುಂಡಗೆ ತಿದ್ದುತ್ತಿದ್ದ. ನಾನು ಹಾಡುವಾಗ ಒಂದು ಸಲ ಲೇಖಣಿ ನಿಲ್ಲಿಸಿ ಕೇಳಿದ. ಅಷ್ಟಕ್ಕೇ ನನ್ನ ಕಾಲು ನೆಲದ ಮೇಲಿರಲಿಲ್ಲ.

ದಸರೆ ಮುಗಿದ ವಾರ ಅಪ್ಪ ಶಾಂತಾಳನ್ನು ಗದಗಿಗೆ ಕರೆದೊಯ್ದ. ಸಂಜೆ ಬಂದವನ ಮುಖ ಗಂಭೀರವಾಗಿತ್ತು. ಅವಳ ಎರಡು ಹಲ್ಲಿನಲ್ಲಿ ಸಾಸಿವೆಯಷ್ಟು ಕಪ್ಪು ಕಂಡಿತಂತೆ. ಆಗಲೇ ಕೊರೆದು ಬೆಳ್ಳಿ ತುಂಬಿದ್ದರಂತೆ. ಆರು ತಿಂಗಳಿಗೆ ಸರಿಯಾಗಿ ತಂದದ್ದಕ್ಕೆ ಉಳಿಯಿತು, ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಮತ್ತೆ ಮೊದಲಿನ ಪಾಡೇ ಎಂದಿದ್ದರಂತೆ.

"ಈ ಹುಡುಗಿಗೆ ಸಿಹಿ ಯಾರು ಕೊಡತಾರು ಅಂತ ಕೇಳಿದರು. ಈಕಿ ಬಾಯಿ ಬಿಡವಲ್ಲಳು. ಯಾರು ಕೊಟ್ಟೀರಿ?"

ಶಾಂತಾ ನೆಲ ನೋಡುತ್ತಿದ್ದಳು. ಅವ್ವ ಒಳಗಿನಿಂದ ಬಂದಳು.

"ಬೈಯಬ್ಯಾಡ್ರಿ. ನೀಲಾ ತನ್ನ ಪಾಲಿನ ಬೆಲ್ಲ ಕೊಡತಾಳ. ತಂಗಿ ಅಂದ್ರ ಅಷ್ಟು ಜೀವ ಆಕಿಗೆ."

ಅಪ್ಪ ನನ್ನ ಹತ್ತಿರ ಬಂದ. ನನ್ನ ತಲೆಯ ಮೇಲೆ ಕೈ ಇಟ್ಟ.

"ಪ್ರೀತಿ ಖರೆ ನೀಲವ್ವ. ಆದ್ರ ಇನ್ನ ಕೊಡಬ್ಯಾಡ. ಆಕಿ ಹಲ್ಲಿಗೆ ಅದು ವಿಷ."

ನಾನು ಬಯಸಿದ್ದ ಕೈ ಅದು. ಎಷ್ಟೋ ದಿನದಿಂದ ಬಯಸಿದ್ದು. ಅದು ತಲೆಯ ಮೇಲಿದ್ದಷ್ಟು ಹೊತ್ತೂ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಆ ಹೊತ್ತಿಗೆ ನನ್ನ ಬಲಗಡೆಯ ಕೆಳಗಿನ ಹಲ್ಲು ನೋಯುತ್ತಿತ್ತು. ಎರಡು ತಿಂಗಳಿಂದ ತಣ್ಣೀರು ಕುಡಿದರೆ ಜುಂ ಎನ್ನುತ್ತಿತ್ತು. ನಾಲಗೆ ಆಡಿಸಿದರೆ ಗುಳಿ ಸಿಗುತ್ತಿತ್ತು. ಗದಗಿಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ, ಆದರೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಮುತ್ತಿನ ಹಲ್ಲು ಹೋಯಿತು, ಮೆರವಣಿಗೆ ಹೋಯಿತು, ನನ್ನದೆಂದು ಇದ್ದ ಎಲ್ಲವೂ ಹೋಯಿತು. ಅವ್ವನ ಮಸಾಲೆ ಡಬ್ಬಿಯಿಂದ ಲವಂಗ ಕದ್ದು ಕಡಿದು ಇಟ್ಟುಕೊಂಡೆ. ಎಡಗಡೆಯಿಂದಲೇ ಅಗಿದೆ. ಕಟಕ ರೊಟ್ಟಿ ಬೇಡ, ಮೆತ್ತನ್ನದು ಕೊಡು ಎಂದಾಗ ಆಯಿ, "ಹಾಡಾಕಿ ಆಗ್ಯಾಳಂತ ನಾಜೂಕು ಬಂತು" ಎಂದು ನಕ್ಕಳು. ಶಾಂತಾ ಮಾತ್ರ ನಗಲಿಲ್ಲ. ನನ್ನ ದವಡೆಯನ್ನೇ ನೋಡುತ್ತಿದ್ದಳು. ಒಂದು ದಿನ ಬಚ್ಚಲ ಹತ್ತಿರ ಕೇಳಿಯೇ ಬಿಟ್ಟಳು.

"ಅಕ್ಕಾ, ನಿನಗ ಹಲ್ಲು ನೋಯಾಕತ್ತಾವೇನು? ಅಪ್ಪಗ ಹೇಳಲಿ?"

"ಹೇಳಿದಿ ಅಂದ್ರ ನಿನ್ನ ಜೋಡಿ ಮಾತು ಬಿಡತೀನಿ."

ಅವಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಮೆರವಣಿಗೆಗೆ ಎರಡು ದಿನ ಇರುವಾಗ ಬೆಳಿಗ್ಗೆ ಎದ್ದರೆ ನನ್ನ ಬಲಗಲ್ಲ ಬಾತಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ಆದರೂ ಸೆರಗಿನ ಹಾಗೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಹೋದೆ. ಬಾಯಿಯವರು ಬಟ್ಟೆ ಸರಿಸಿ ನೋಡಿ, "ಅಯ್ಯೋ ಕೂಸೇ" ಎಂದು ಮನೆಗೆ ಕಳಿಸಿದರು. ಹೊರಡುವ ಮುಂಚೆ, ನಿನ್ನ ಹಾಡು ಇನ್ಯಾರಿಗೆ ಬರುತ್ತದೆ ಎಂದು ಕೇಳಿದಾಗ ನಾನು ಬಟ್ಟೆಯನ್ನು ಮತ್ತೆ ಬಾಯಿಗೆ ಸುತ್ತಿಕೊಂಡೆ. ಯಾವಳೋ ಹುಡುಗಿ ಹೇಳಿದಳು, ಶಾಂತಾಳಿಗೆ ಪೂರಾ ಬರುತ್ತದೆ, ಮನೆಯಲ್ಲಿ ಕೇಳಿ ಕೇಳಿ ಕಲಿತಿದ್ದಾಳೆ ಎಂದು. ಅಪ್ಪ ಅಂದು ಕಚೇರಿಯ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದ. ಮೆರವಣಿಗೆಯ ದಿನ ಸಂಜೆಗೆ ಬರುವವನಿದ್ದ. ಅವ್ವನಿಗೆ ತಾನೊಬ್ಬಳೇ ನನ್ನನ್ನು ಗದಗಿಗೆ ಒಯ್ಯುವ ಧೈರ್ಯವಿರಲಿಲ್ಲ. ಆಯಿಯ ಬೂದಿಯ ಗಂಟು ಈಗ ನನ್ನ ಗಲ್ಲಕ್ಕೆ ಬಂತು.

ಮೆರವಣಿಗೆ ನಮ್ಮ ಓಣಿಯ ಮುಂದೆಯೇ ಹಾಯ್ದು ಹೋಯಿತು. ನನಗೆಂದು ಹೊಲಿಸಿದ್ದ ಹಸಿರು ಪರಕಾರವನ್ನು ಅವ್ವ ಸೊಂಟದಲ್ಲಿ ಎರಡು ಸುತ್ತು ಮಡಿಚಿ ಶಾಂತಾಳಿಗೆ ಉಡಿಸಿದ್ದಳು. ಗಲ್ಲ ಮುಚ್ಚುವಂತೆ ತಲೆಗೆ ಪಂಚೆಯ ತುಂಡು ಕಟ್ಟಿಕೊಂಡು ನಾನು ಪಡಸಾಲೆಯ ಕಿಟಕಿಯ ಹಿಂದೆ ನಿಂತೆ. ಮೈಯಲ್ಲಿ ಜ್ವರ ಇತ್ತು. ತೋರಣ, ಬಾವುಟ, ಹಲಗೆ ಬಾರಿಸುವ ಸಪ್ಪಳ, ಬಿಳಿ ಟೊಪ್ಪಿಗೆಯ ಗಂಡಸರು. ಎಲ್ಲರ ಮುಂದೆ ಶಾಂತಾ. ನಾನು ಕಂಡದ್ದು ಅವಳನ್ನೊಬ್ಬಳನ್ನೇ. ಅವಳು ನಕ್ಕು ಹಾಡುತ್ತಿದ್ದಳು, ಬಾಯಿ ದೊಡ್ಡದಾಗಿ ತೆರೆದಾಗ ಒಳಗಿನ ಬೆಳ್ಳಿ ಹೊಳೆಯುತ್ತಿತ್ತು. ಕನ್ನಡ ನಾಡೆಲ್ಲ ಒಂದಾಯಿತೆಂದು ಊರಿಗೆ ಊರೇ ಕುಣಿಯುತ್ತಿದ್ದಾಗ, ಅವಳ ಬಾಯಿಂದ ಒಂದು ಸಾಲು ತಪ್ಪಿಹೋಗಲಿ ಎಂದು ನಾನು ಕಿಟಕಿಯ ಸರಳು ಹಿಡಿದು ಬೇಡುತ್ತಿದ್ದೆ. ತಪ್ಪಲಿಲ್ಲ. ನನಗಿಂತ ಚೆನ್ನಾಗಿಯೇ ಹಾಡಿದಳು.

ಸಂಜೆ ಅಪ್ಪ ಬಂದ. ನನ್ನ ಮುಖ ನೋಡಿ ಚೀಲವನ್ನು ಕೈಯಿಂದ ಕೆಳಗೆ ಬಿಟ್ಟ. ಮರುದಿನದ ಮೊದಲ ಬಸ್ಸಿಗೆ ಹೊರಟೆವು. ಶಾಂತಾ ಪರಕಾರ ಉಟ್ಟು ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು.

"ನೀ ಯಾಕವ್ವ?"

"ಆಕಿಗೆ ಅಲ್ಲಿ ಏನೂ ಗೊತ್ತಿಲ್ಲ ಅಪ್ಪಾ. ಅಂಜತಾಳ."

ನಾನು ಕನಸಿನಲ್ಲಿ ಎಷ್ಟು ಸಲ ಹೋಗಿದ್ದ ಊರು ಗದಗ! ಅಂದು ಕಂಡದ್ದು ಬರೇ ಧೂಳು ಮತ್ತು ಅಪ್ಪನ ಕೋಟಿನ ತೋಳು. ಡಾಕ್ಟರ ಮನೆಯ ಹೊರಗಿನ ಬಾಕಿನ ಮೇಲೆ ನಾನು, ಶಾಂತಾ ಕುಳಿತೆವು. ಅಪ್ಪ ಒಳಗೆ ಮಾತಾಡಲು ಹೋಗಿದ್ದ. ಲವಂಗದ ಎಣ್ಣೆಯ ವಾಸನೆಗೆ ನನಗೆ ಅಳು ಬಂತು. ಶಾಂತಾ ನನ್ನ ಕೈ ಹಿಡಿದು, ಮೊದಲು ಸೂಜಿ ಚುಚ್ಚುತ್ತಾರೆ, ಆಮೇಲೆ ತುಟಿ ದಪ್ಪಗಾದ ಹಾಗೆ ಅನ್ನಿಸುತ್ತದೆ, ಆಮೇಲೆ ಬರೇ ಸಪ್ಪಳ, ಅಷ್ಟೇ ಎಂದು ದೊಡ್ಡವರ ಹಾಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಬಾತ ಬಾಯಿಯಿಂದಲೇ ಹೇಳಿದೆ.

"ಶಾಂತಾ, ನಾ ಬೆಲ್ಲ ಕೊಟ್ಟಿದ್ದು ಪ್ರೀತಿಲೆ ಅಲ್ಲ. ನಿನ್ನ ಹಲ್ಲು ಕೆಡ್ಲಿ ಅಂತ ಕೊಟ್ಟೆ."

ಅವಳು ಕೈ ಬಿಡಲಿಲ್ಲ.

"ನನಗ ಗೊತ್ತಿತ್ತು."

"ಮತ್ತ ಯಾಕ ತಿಂದಿ?"

"ತಿನ್ನೂತನಕರ ನೀ ನನ್ನ ಜೋಡಿ ಮಾತಾಡತಿದ್ದಿ. ಮುಗಿದ ಕೂಡ್ಲೆ ಎದ್ದು ಹೋಗತಿದ್ದಿ. ಅದಕ್ಕ ಸಾವಕಾಶ ತಿಂತಿದ್ದೆ."

ಅಷ್ಟರಲ್ಲಿ ಒಳಗೆ ಕರೆದರು. ಒಳ್ಳೆಯದೇ ಆಯಿತು. ಇನ್ನೊಂದು ಗಳಿಗೆ ಅಲ್ಲಿ ಕುಳಿತಿದ್ದರೆ ನಾನು ಏನು ಹೇಳುತ್ತಿದ್ದೆನೋ, ಇಂದಿಗೂ ತಿಳಿದಿಲ್ಲ. ಡಾಕ್ಟರು ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು.

"ಈಕಿನ್ನ ಇಷ್ಟು ವರ್ಷ ಯಾಕ ಕರಕೊಂಡು ಬಂದಿಲ್ಲ?"

"ಈಕಿ ಹಲ್ಲು ಚಲೋ ಅದಾವ ಅಂತ..."

"ಯಾರು ನೋಡಿ ಹೇಳಿದರು?"

ಯಾರೂ ನೋಡಿರಲಿಲ್ಲ.

"ಮುಂದಿನ ಹಲ್ಲು ಬೆಳ್ಳಗ ಕಂಡ್ರ ಹಿಂದಿನವು ನೆಟ್ಟಗದಾವಂತ ತಿಳಕೋಬ್ಯಾಡ್ರಿ. ಹೋದ ಯುಗಾದಿಗೆ ತಂದಿದ್ರ ಇದು ಅರ್ಧಾ ತಾಸಿನ ಕೆಲಸ ಇತ್ತು. ಈಗ ಕೀಳೂದ ಗತಿ. ಪಕ್ಕದ್ದನ್ನ ಉಳಸಾಕ ನೋಡತೀನಿ."

ಕೀಳುವಾಗ ಶಾಂತಾ ನನ್ನ ಪಾದ ಹಿಡಿದು ನಿಂತಿದ್ದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿದ್ದ. ಹದಿಮೂರು ವರ್ಷಕ್ಕೆ ಕಳೆದುಕೊಂಡ ಆ ಹಲ್ಲು ಮತ್ತೆ ಬರುವಂಥದ್ದಲ್ಲ. ಅದರ ಜಾಗ ಖಾಲಿ ಬಿದ್ದು ಅಕ್ಕಪಕ್ಕದವು ವಾಲಿ, ಇಷ್ಟು ವರ್ಷ ನಾನು ಬಲಗಡೆ ಸರಿಯಾಗಿ ಅಗಿದವಳಲ್ಲ. ನನ್ನ ಮಕ್ಕಳನ್ನು, ಮೊಮ್ಮಕ್ಕಳನ್ನು ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರ ಬಾಗಿಲಿಗೆ ಎಳೆದೊಯ್ಯುವಾಗ ಅವರು ನಕ್ಕಿದ್ದಾರೆ, ಸಿಟ್ಟಾಗಿದ್ದಾರೆ. ಚೆನ್ನಾಗಿರುವ ಮಗುವನ್ನೇ ಮೊದಲು ಒಯ್ಯುತ್ತಿದ್ದೆ. ಏನೂ ಇಲ್ಲ ಎಂದು ಎಲ್ಲರೂ ಬಿಟ್ಟುಬಿಡುವುದು ಅಂಥವರನ್ನೇ.

ಐದಾರು ತಿಂಗಳು ಕಳೆದು ಯುಗಾದಿ ಹತ್ತಿರ ಬಂತು. ನನಗೆ ಬಾವು ಇರಲಿಲ್ಲ, ನೋವು ಇರಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಟೊಪ್ಪಿಗೆ ಹಾಕಿಕೊಳ್ಳುತ್ತ, "ಇಬ್ಬರೂ ಜಲ್ದಿ ತಯಾರಾಗ್ರಿ" ಎಂದ. ಆಯಿ, "ದೊಡ್ಡಾಕಿಗೆ ಈಗ ಏನಾಗೇತಿ?" ಎಂದಳು. "ಏನೂ ಆಗಿಲ್ಲ ಯವ್ವಾ, ಅದಕ್ಕ ಹೊಂಟೀನಿ," ಎಂದು ಅಪ್ಪ ನಕ್ಕ. ನನ್ನ ಬಾಯಿಯನ್ನು ನೋಡಲು ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಎಲ್ಲ ನೆಟ್ಟಗಿದೆ ಎಂದು ಚೀಟಿಯಲ್ಲಿ ನನ್ನ ಹೆಸರಿನ ಮುಂದೆ ಬರೆದರು. ಹೋಟೆಲಿನಲ್ಲಿ ಇಡ್ಲಿ ತಿಂದೆ. ಸ್ಟೇಷನ್ನಿನಲ್ಲಿ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು ಗಾಲಿ ಎಣಿಸಿ ತೋರಿಸಿದ. ಹದಿಮೂರರ ಹುಡುಗಿಗೆ ಎಣಿಸಲು ಬರುತ್ತಿತ್ತು, ಆದರೂ ಬರದವಳ ಹಾಗೆ ಕೇಳಿದೆ.

ತಿರುಗಿ ಬರುವ ಬಸ್ಸಿನಲ್ಲಿ ಅಪ್ಪನ ಪಕ್ಕದಲ್ಲಿ ಒಂದೇ ಜಾಗವಿತ್ತು. ಇನ್ನೊಂದು ಜಾಗ ಎದುರಿನ ಬಾಕಿನಲ್ಲಿ, ಯಾರೋ ಮುದುಕಿಯ ಬುಟ್ಟಿಯ ಹತ್ತಿರ. ಶಾಂತಾ ಹತ್ತಿ ಬರುವಷ್ಟರಲ್ಲಿ ನಾನು ಅಪ್ಪನ ಪಕ್ಕಕ್ಕೆ ಕುಳಿತಾಗಿತ್ತು.

"ಅದು ನನ್ನ ಜಾಗ," ಎಂದಳು.

ನಾನು ಏಳಲಿಲ್ಲ. ಅಪ್ಪನಿಗೆ ಅಷ್ಟರಲ್ಲಿ ತೂಕಡಿಕೆ ಬಂದಿತ್ತು. ಶಾಂತಾ ಎದುರಿಗೆ ಹೋಗಿ ಕುಳಿತು, ಬುಟ್ಟಿಯನ್ನು ತಬ್ಬಿಕೊಂಡು, ತುಟಿ ಬಿಗಿಹಿಡಿದು ನನ್ನನ್ನೇ ನೋಡತೊಡಗಿದಳು. ಆ ನೋಟ ಎಲ್ಲಿಂದ ಏಳುತ್ತದೆ ಎಂಬುದು ನನಗಿಂತ ಚೆನ್ನಾಗಿ ಆ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದ್ದು ಜಾಗ ಕೊಡಬೇಕೆಂದು ಅನ್ನಿಸಿತು. ಶಿರಹಟ್ಟಿ ಬರುವವರೆಗೂ ಅನ್ನಿಸುತ್ತಲೇ ಇತ್ತು. ಅಪ್ಪನ ತಲೆ ಬಸ್ಸಿನ ಕುಲುಕಿಗೆ ವಾಲಿ ನನ್ನ ಹೆಗಲಿಗೆ ಬಂತು. ನಾನು ಅಲುಗದೆ ಕುಳಿತೆ.